ಎದೆಯೊಳಗಿನ ಸೀಳಿಗೆ ಸ್ಟೆಂಟ್: ಕೊಡಗಿನಿಂದ ನೋಡಿದರೆ

ಎದೆನೋವು ಅಂದ ಕೂಡಲೇ ನಮ್ಮಲ್ಲಿ ಬರುವುದು ಎರಡೇ ಮಾತು. ಒಂದೋ ಗ್ಯಾಸ್, ಇಲ್ಲವೇ ಹಾರ್ಟ್ ಅಟ್ಯಾಕ್. ಗ್ಯಾಸ್ ಅಂದುಕೊಂಡವರು ಜೀರಿಗೆ ಕಷಾಯ ಕುಡಿದು ಮಲಗುತ್ತಾರೆ. ಹಾರ್ಟ್ ಅಟ್ಯಾಕ್ ಅಂದುಕೊಂಡವರು ಜೀಪು ಹತ್ತಿ ಆಸ್ಪತ್ರೆಗೆ ಓಡುತ್ತಾರೆ. ಇವೆರಡೂ ಅಲ್ಲದ ಮೂರನೆಯದೊಂದಿದೆ. ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳ, ಅಂದರೆ ಮಹಾಪಧಮನಿ, ಒಳಗಿನಿಂದ ಸೀಳಿಕೊಳ್ಳುವುದು. ಡಾಕ್ಟರುಗಳು ಇದನ್ನು ಅಯೋರ್ಟಿಕ್ ಡಿಸೆಕ್ಷನ್ ಎನ್ನುತ್ತಾರೆ.

ಇದು ಅಪರೂಪದ ಕಾಯಿಲೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಮೂರರಿಂದ ಆರು ಮಂದಿಗೆ ಬರುತ್ತದೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ. ಅದೇ ಪ್ರಮಾಣ ಇಲ್ಲಿಗೂ ಹೊಂದುತ್ತದೆ ಅಂದುಕೊಂಡರೆ ವರ್ಷಕ್ಕೆ ಸುಮಾರು 17ರಿಂದ 33 ಮಂದಿ. ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ಈ ಕಾಯಿಲೆ ಗಂಟೆಗಳ ಲೆಕ್ಕದಲ್ಲಿ ಜೀವ ತೆಗೆಯುತ್ತದೆ. ಅದಕ್ಕೆ ಪೂರ್ತಿ ಚಿಕಿತ್ಸೆ ಸಿಗಬೇಕಾದರೆ ಘಾಟಿ ಇಳಿಯಲೇಬೇಕು.

‘ಎದೆ ತೆರೆಯದೆ ಸ್ಟೆಂಟ್ ಹಾಕಿ ಜೀವ ಉಳಿಸಿದರು’ ಎಂಬ ಸುದ್ದಿ ಈಗ ಆಗಾಗ ಬರುತ್ತಿದೆ. ಸುದ್ದಿ ನಿಜ, ಚಿಕಿತ್ಸೆಯೂ ದೊಡ್ಡದೇ. ಆದರೆ ಆ ಸ್ಟೆಂಟ್ ಕೆಲಸ ಶುರುವಾಗುವುದು ರೋಗಿ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಜೀವಂತವಾಗಿ ತಲುಪಿದ ಮೇಲೆ. ಅದಕ್ಕಿಂತ ಮುಂಚಿನ ಗಂಟೆಗಳು ಕಳೆಯುವುದು ನಾಪೋಕ್ಲಿನಲ್ಲಿ, ಶ್ರೀಮಂಗಲದಲ್ಲಿ, ಶನಿವಾರಸಂತೆಯಲ್ಲಿ. ಕೊಡಗಿನವರ ಮಟ್ಟಿಗೆ ಈ ಚಿಕಿತ್ಸೆಯ ಅರ್ಧ ಭಾಗ ಇಲ್ಲೇ ನಡೆಯಬೇಕು, ನಡೆಯುವುದಕ್ಕೆ ಸಾಧ್ಯವೂ ಇದೆ.

ಸೀಳುವುದು ಅಂದರೆ ಏನು?

ಮಹಾಪಧಮನಿ ಹೃದಯದಿಂದ ಮೇಲಕ್ಕೆ ಹೊರಡುತ್ತದೆ. ಕುತ್ತಿಗೆಯ ಬುಡದಲ್ಲಿ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ ಜಾಗದಲ್ಲಿ ತಲೆಗೂ ಕೈಗಳಿಗೂ ಕವಲು ಕೊಟ್ಟು, ಬೆನ್ನುಮೂಳೆಯ ಪಕ್ಕದಲ್ಲೇ ಹೊಟ್ಟೆಯವರೆಗೆ ಇಳಿಯುತ್ತದೆ. ದೊಡ್ಡವರಲ್ಲಿ ಅದರ ಅಗಲ ಎರಡರಿಂದ ಮೂರು ಸೆಂಟಿಮೀಟರ್. ಗೋಡೆಗೆ ಮೂರು ಪದರ. ಒಳಗಿನದು ತೆಳು, ನಡುವಿನದು ದಪ್ಪ, ಹೊರಗಿನದು ಗಟ್ಟಿ.

ಕಾಫಿ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕುವವರು ಹಳೇ ಹೋಸ್ ಪೈಪನ್ನು ನೋಡಿರುತ್ತೀರಿ. ಹೊರಗೆ ಸರಿಯಾಗಿಯೇ ಇರುತ್ತದೆ. ಒಳಗಿನ ರಬ್ಬರ್ ಪದರ ಒಂದು ಕಡೆ ಬಿಟ್ಟುಕೊಂಡಿರುತ್ತದೆ. ಮೋಟಾರ್ ಹಾಕಿದರೆ ನೀರು ಆ ಸಂದಿಯೊಳಗೆ ನುಗ್ಗಿ ಪದರವನ್ನು ಉದ್ದಕ್ಕೂ ಎಬ್ಬಿಸುತ್ತದೆ. ಎದ್ದ ಪದರ ಮುಂದೆ ಹೋಗುವ ನೀರಿಗೇ ಅಡ್ಡ ನಿಲ್ಲುತ್ತದೆ. ಮಹಾಪಧಮನಿಯಲ್ಲೂ ಆಗುವುದು ಹೆಚ್ಚು ಕಡಿಮೆ ಇದೇ. ಒಳಪದರದಲ್ಲಿ ಒಂದು ಸೀಳು ಬೀಳುತ್ತದೆ. ಹೃದಯದ ಪ್ರತಿ ಬಡಿತಕ್ಕೂ ರಕ್ತ ಆ ಸೀಳಿನ ಮೂಲಕ ಗೋಡೆಯೊಳಗೆ ನುಗ್ಗುತ್ತದೆ. ಒಂದು ನಾಳದಲ್ಲಿ ಎರಡು ದಾರಿಗಳಾಗುತ್ತವೆ. ಒಂದು ನಿಜವಾದ ದಾರಿ, ಇನ್ನೊಂದು ಗೋಡೆಯ ನಡುವಿನ ಸುಳ್ಳು ದಾರಿ. ಸುಳ್ಳು ದಾರಿ ಉಬ್ಬಿದಷ್ಟೂ ನಿಜವಾದ ದಾರಿ ಕಿರಿದಾಗುತ್ತದೆ. ಕಿಡ್ನಿಗೆ, ಕರುಳಿಗೆ, ಕಾಲಿಗೆ, ಮಿದುಳಿಗೆ ರಕ್ತ ಹೋಗುವ ಕವಲು ಮುಚ್ಚಿಹೋಗಬಹುದು. ಹೊರಗಿನ ಪದರವೂ ಒಡೆದರೆ ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ.

ಸೀಳು ಎಲ್ಲಿದೆ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಹೃದಯದಿಂದ ಮೇಲೇರುವ ಭಾಗ ಸೀಳಿದ್ದರೆ ಅದು ‘ಎ’ ವಿಧ. ಎಡಗೈಯ ಕವಲು ದಾಟಿ ಬೆನ್ನ ಕಡೆ ಇಳಿಯುವ ಭಾಗ ಮಾತ್ರ ಸೀಳಿದ್ದರೆ ಅದು ‘ಬಿ’ ವಿಧ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 1970ರಲ್ಲಿ ಮಾಡಿದ ಈ ವಿಂಗಡಣೆಯನ್ನೇ ಇವತ್ತಿಗೂ ಬಳಸುತ್ತಾರೆ. ಕಾರಣ, ಚಿಕಿತ್ಸೆ ನಿರ್ಧಾರವಾಗುವುದೇ ಇದರ ಮೇಲೆ. ‘ಎ’ ವಿಧಕ್ಕೆ ಇವತ್ತಿಗೂ ಎದೆ ತೆರೆದು ಮಾಡುವ ದೊಡ್ಡ ಆಪರೇಷನ್ನೇ ಬೇಕು, ಅದೂ ತಕ್ಷಣ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಮೊದಲ ಎರಡು ದಿನ ಗಂಟೆಗೆ ಶೇ 1ರಿಂದ 2ರಷ್ಟು ಜನ ಸಾಯುತ್ತಾರೆ ಎಂಬುದು ಹಳೆಯ ಲೆಕ್ಕ. ಹೊಸ ಅಂಕಿಗಳು ಸ್ವಲ್ಪ ಕಡಿಮೆ ಹೇಳುತ್ತವೆ. ಆದರೂ ಕಾಯುವುದಕ್ಕೆ ಆಗುವ ಕಾಯಿಲೆ ಅಲ್ಲ. ಸುದ್ದಿಯಲ್ಲಿ ಓದುವ ಸ್ಟೆಂಟ್ ಮುಖ್ಯವಾಗಿ ‘ಬಿ’ ವಿಧದವರಿಗೆ. ಎದೆ ತೆರೆಯದೆ ಎಲ್ಲರಿಗೂ ಸರಿಯಾಗುತ್ತದೆ ಅಂತ ಯಾರೂ ತಿಳಿಯಬಾರದು.

ತೊಡೆಯ ಸಂದಿಯಿಂದ ಎದೆಯವರೆಗೆ

ಸ್ಟೆಂಟ್ ಅಂದರೆ ನಮಗೆ ಗೊತ್ತಿರುವುದು ಹೃದಯದ ಬ್ಲಾಕ್‌ಗೆ ಹಾಕುವ ಸಣ್ಣ ಸ್ಪ್ರಿಂಗ್. ಅದರ ಅಗಲ ಮೂರು ಮಿಲಿಮೀಟರ್ ಆಸುಪಾಸು. ಮಹಾಪಧಮನಿಯ ಸ್ಟೆಂಟ್ ಬೇರೆಯೇ ವಸ್ತು. ಅಗಲ 30–40 ಮಿಲಿಮೀಟರ್, ಉದ್ದ 10ರಿಂದ 20 ಸೆಂಟಿಮೀಟರ್. ನಿಕ್ಕೆಲ್ ಮತ್ತು ಟೈಟಾನಿಯಂ ಬೆರೆಸಿದ ನಿಟಿನಾಲ್ ಎಂಬ ಲೋಹದ ಬಲೆಗೆ ರಕ್ತ ಸೋರದ ಬಟ್ಟೆ ಹೊದಿಸಿರುತ್ತಾರೆ. ಅದಕ್ಕೇ ಇದನ್ನು ಸ್ಟೆಂಟ್ ಗ್ರಾಫ್ಟ್ ಎನ್ನುವುದು. ಸೀಳನ್ನು ಮುಚ್ಚುವುದು ಆ ಬಟ್ಟೆ. ಅದನ್ನು ಗೋಡೆಗೆ ಒತ್ತಿ ಹಿಡಿಯುವುದು ಲೋಹ.

ಮೊದಲು ಸಿಟಿ ಆಂಜಿಯೋಗ್ರಾಮ್. ಕೈಯ ನರಕ್ಕೆ ಬಣ್ಣದ ದ್ರವ ಕೊಟ್ಟು ಕುತ್ತಿಗೆಯಿಂದ ತೊಡೆಯವರೆಗೆ ಸ್ಕ್ಯಾನ್ ಮಾಡುತ್ತಾರೆ. ಸೀಳು ಎಲ್ಲಿ ಶುರು, ಎಲ್ಲಿಯವರೆಗೆ ಹೋಗಿದೆ, ಯಾವ ಕವಲು ಯಾವ ದಾರಿಯಿಂದ ಹೊರಟಿದೆ ಎಂದು ಅಳೆಯುತ್ತಾರೆ. ಈ ಅಳತೆಯಲ್ಲೇ ಅರ್ಧ ಕೆಲಸ. ಸ್ಟೆಂಟ್ ಸಡಿಲವಾದರೆ ರಕ್ತ ಪಕ್ಕದಿಂದ ನುಗ್ಗುತ್ತದೆ. ಜಾಸ್ತಿ ಬಿಗಿಯಾದರೆ ಆಗಲೇ ಸೋತಿರುವ ಗೋಡೆ ಹೊಸದಾಗಿ ಸೀಳುತ್ತದೆ.

ಆಮೇಲೆ ತೊಡೆಯ ಸಂದಿಯಲ್ಲಿ ನಾಡಿ ಬಡಿಯುವ ಜಾಗದಲ್ಲಿ ಸೂಜಿ ಚುಚ್ಚುತ್ತಾರೆ, ಇಲ್ಲವೇ ಸಣ್ಣದಾಗಿ ಕೊಯ್ಯುತ್ತಾರೆ. ಅಲ್ಲಿಂದ ತಂತಿ ಮೇಲೇರುತ್ತದೆ. ತಂತಿ ನಿಜವಾದ ದಾರಿಯಲ್ಲೇ ಹೋಗುತ್ತಿದೆ ಎಂದು ಖಚಿತವಾಗುವವರೆಗೆ ಮುಂದಿನ ಹೆಜ್ಜೆ ಇಲ್ಲ. ಸುಳ್ಳು ದಾರಿಯಲ್ಲಿ ಸ್ಟೆಂಟ್ ಬಿಚ್ಚಿದರೆ ಅನಾಹುತ. ಖಚಿತವಾದ ಮೇಲೆ ಆರೆಂಟು ಮಿಲಿಮೀಟರ್ ದಪ್ಪದ ಕೊಳವೆಯೊಳಗೆ ಮಡಚಿಟ್ಟ ಸ್ಟೆಂಟನ್ನು ಅದೇ ತಂತಿಯ ಮೇಲೆ ಎದೆಯವರೆಗೆ ಸಾಗಿಸುತ್ತಾರೆ. ಬಿಚ್ಚುವ ಕ್ಷಣದಲ್ಲಿ ಬಿಪಿಯನ್ನು ಔಷಧದಿಂದ ತಗ್ಗಿಸುತ್ತಾರೆ. ರಕ್ತದ ರಭಸ ಸ್ಟೆಂಟನ್ನು ಒಂದೆರಡು ಮಿಲಿಮೀಟರ್ ತಳ್ಳಿದರೂ ಕಷ್ಟ. ಕೊಳವೆ ಹಿಂದಕ್ಕೆ ಸರಿಯುತ್ತದೆ, ಸ್ಟೆಂಟ್ ತಾನಾಗಿಯೇ ಅರಳಿ ಗೋಡೆಗೆ ಒತ್ತಿಕೊಳ್ಳುತ್ತದೆ. ಪರದೆಯ ಮೇಲೆ ಬಣ್ಣ ಬಿಟ್ಟು ನೋಡಿದರೆ, ಅಲ್ಲಿಯವರೆಗೆ ದಾರದಷ್ಟು ಸಣಕಲಾಗಿದ್ದ ನಿಜವಾದ ದಾರಿ ಅಗಲವಾಗಿ ತುಂಬಿಕೊಳ್ಳುವುದು ಕಾಣುತ್ತದೆ. ಒಳಗೆ ರಕ್ತ ಬರುವುದು ನಿಂತ ಸುಳ್ಳು ದಾರಿ ನಿಧಾನವಾಗಿ ಹೆಪ್ಪುಗಟ್ಟಿ ಕುಗ್ಗುತ್ತದೆ. ತೊಂದರೆ ಇಲ್ಲದೆ ಆದರೆ ರೋಗಿ ಕೆಲವೇ ದಿನಗಳಲ್ಲಿ ಎದ್ದು ಓಡಾಡುತ್ತಾರೆ. ಪಕ್ಕೆಲುಬಿನ ನಡುವೆ ಎದೆ ತೆರೆದು ಮಾಡುತ್ತಿದ್ದ ಹಳೆಯ ಆಪರೇಷನ್‌ಗೆ ಹೋಲಿಸಿದರೆ ಇದು ನಿಜಕ್ಕೂ ದೊಡ್ಡ ಬದಲಾವಣೆ.

ಈ ವಿದ್ಯೆಗೆ ಜಾಸ್ತಿ ವಯಸ್ಸಾಗಿಲ್ಲ. ಉಕ್ರೇನಿನ ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊಡೊಸ್ 1987ರಲ್ಲಿ ಎದೆಭಾಗದ ಮಹಾಪಧಮನಿಗೆ ಇಂಥ ಸ್ಟೆಂಟ್ ಹಾಕಿದರು. ಅರ್ಜೆಂಟೀನಾದ ಹ್ವಾನ್ ಪರೋಡಿ 1990ರಲ್ಲಿ ಹೊಟ್ಟೆಭಾಗದ ಉಬ್ಬಿಗೆ ಹಾಕಿದರು. ಡಿಸೆಕ್ಷನ್‌ಗೆ ಹಾಕಿ ಗೆದ್ದ ವರದಿಗಳು 1999ರಲ್ಲಿ ಬಂದವು.

ತೊಂದರೆಗಳನ್ನೂ ಹೇಳಲೇಬೇಕು. ಎದೆ ತೆರೆಯಲಿಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅಲ್ಲ. ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ಕವಲುಗಳು ಇದೇ ನಾಳದಿಂದ ಹೊರಡುತ್ತವೆ. ಸ್ಟೆಂಟ್ ಅವನ್ನು ಮುಚ್ಚಿದರೆ ನೂರರಲ್ಲಿ ಕೆಲವರಿಗೆ ಕಾಲಿನ ಬಲ ಹೋಗುತ್ತದೆ. ಪಾರ್ಶ್ವವಾಯು ಆಗಬಹುದು. ಸ್ಟೆಂಟಿನ ಮೇಲ್ತುದಿಯಿಂದ ಸೀಳು ಹಿಂದಕ್ಕೆ ಹರಿದು ‘ಬಿ’ ವಿಧವೇ ‘ಎ’ ಆಗಬಹುದು. ಸ್ಟೆಂಟ್ ಕೂರಿಸಲು ಕನಿಷ್ಠ ಎರಡು ಸೆಂಟಿಮೀಟರ್ ಗಟ್ಟಿ ಗೋಡೆ ಬೇಕು. ಅದು ಸಿಗದಿದ್ದರೆ ಎಡಗೈಯ ಕವಲನ್ನೂ ಮುಚ್ಚಬೇಕಾಗುತ್ತದೆ. ಆಗ ಕುತ್ತಿಗೆಯ ನಾಳದಿಂದ ಕೈಗೆ ಬೇರೆ ದಾರಿ ಮಾಡಿಕೊಡಬೇಕು. ಹಾಗಾಗಿ ಈ ಕೆಲಸವನ್ನು ಪದೇ ಪದೇ ಮಾಡುವ ತಂಡವೇ ಮಾಡಬೇಕು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ‘ಬಿ’ ವಿಧದ ಎಲ್ಲರಿಗೂ ತಕ್ಷಣ ಸ್ಟೆಂಟ್ ಬೇಕಾಗಿಲ್ಲ. ಯಾವ ಅಂಗಕ್ಕೂ ರಕ್ತ ನಿಂತಿಲ್ಲ, ನೋವು ಇಳಿದಿದೆ, ಬಿಪಿ ಹತೋಟಿಗೆ ಬಂದಿದೆ ಅಂದರೆ ಔಷಧವೇ ಮೊದಲ ಚಿಕಿತ್ಸೆ. ಇಂಥವರಿಗೂ ಸ್ಟೆಂಟ್ ಹಾಕಬೇಕಾ ಎಂದು ಯುರೋಪಿನಲ್ಲಿ 140 ರೋಗಿಗಳ ಮೇಲೆ ಇನ್‌ಸ್ಟೆಡ್ ಎಂಬ ಅಧ್ಯಯನ ನಡೆಯಿತು. ಎರಡು ವರ್ಷಕ್ಕೆ ನೋಡಿದಾಗ ಸಾವಿನ ಲೆಕ್ಕದಲ್ಲಿ ಸ್ಟೆಂಟ್‌ನಿಂದ ಲಾಭ ಕಾಣಲಿಲ್ಲ. ಐದು ವರ್ಷಕ್ಕೆ ನೋಡಿದಾಗ ಮಹಾಪಧಮನಿಯ ಕಾರಣದಿಂದ ಸತ್ತವರು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ 6.9, ಬರೀ ಔಷಧ ತೆಗೆದುಕೊಂಡವರಲ್ಲಿ ಶೇ 19.3. ಇದಾದ ಮೇಲೆ, ಸುಳ್ಳು ದಾರಿ ಉಬ್ಬುವ ಲಕ್ಷಣ ಇರುವವರಿಗೆ ಮೊದಲ ಎರಡು ವಾರ ಕಳೆದು, ಮೂರು ತಿಂಗಳೊಳಗೆ ಸ್ಟೆಂಟ್ ಹಾಕುವ ಕಡೆ ಹಲವು ತಜ್ಞರು ವಾಲಿದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ. ಆಸ್ಪತ್ರೆಯಲ್ಲಿ ‘ಸದ್ಯಕ್ಕೆ ಸ್ಟೆಂಟ್ ಬೇಡ, ಬಿಪಿ ಇಳಿಸೋಣ’ ಅಂದರೆ ಅದು ಕೈಬಿಟ್ಟ ಮಾತಲ್ಲ. ಅಲ್ಲೇ ನಿಂತು ಕೇಳಬೇಕಾದ ಪ್ರಶ್ನೆ ಇಷ್ಟೇ: ಇದು ಎ ವಿಧವೋ ಬಿ ವಿಧವೋ? ಯಾವುದಾದರೂ ಅಂಗಕ್ಕೆ ರಕ್ತ ಕಡಿಮೆಯಾಗಿದೆಯಾ? ಮುಂದಿನ ಸಿಟಿ ಯಾವಾಗ?

ನಾಪೋಕ್ಲು ಕಡೆಯ ಒಂದು ಬೆಳಗ್ಗೆ

ಕಾಫಿ ಕೊಯ್ಲಿನ ಸಮಯ ಅಂದುಕೊಳ್ಳಿ. ಒಂದು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ವಯಸ್ಸು ಅರವತ್ತರ ಹತ್ತಿರ. ಬಿಪಿ ಇದೆ, ಮಾತ್ರೆಯೂ ಇದೆ, ಮುಗಿದು ಒಂದು ತಿಂಗಳಾಗಿದೆ. ಬೆಳಗ್ಗೆ ಕಣದಲ್ಲಿ ಚೀಲ ಲೆಕ್ಕ ಹಾಕುತ್ತಿರುವಾಗ ಬೆನ್ನಿನಲ್ಲಿ, ಎರಡು ರೆಕ್ಕೆಮೂಳೆಗಳ ನಡುವೆ, ಒಮ್ಮೆಲೇ ನೋವು. ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ.

“ಅಣ್ಣ, ಬೆವರ್ತಾ ಇದ್ದೀರಲ್ಲ. ಗ್ಯಾಸ್ ಇರ್ಬೇಕು, ಸ್ವಲ್ಪ ಸೋಡಾ ಕುಡೀರಿ.”

“ಗ್ಯಾಸ್ ಅಲ್ಲ ಮಾರಾಯ. ಬೆನ್ನು ಹರಿದ ಹಾಗೆ ಆಯ್ತು. ಮೇಲಿಂದ ಕೆಳಗೆ ಇಳೀತಾ ಇದೆ.”

ಈ ಎರಡನೆಯ ಮಾತಿನಲ್ಲಿ ಇಡೀ ಕಾಯಿಲೆ ಇದೆ. ಒಂದೇ ಕ್ಷಣದಲ್ಲಿ ಶುರುವಾಗಿ ಶುರುವಿನಲ್ಲೇ ತಾರಕಕ್ಕೇರುವ ನೋವು. ಹರಿದ ಹಾಗೆ, ಸೀಳಿದ ಹಾಗೆ ಅನ್ನಿಸುವ ನೋವು. ಎದೆಯಿಂದ ಬೆನ್ನಿಗೆ, ಬೆನ್ನಿಂದ ಹೊಟ್ಟೆಗೆ ಜಾಗ ಬದಲಿಸುವ ನೋವು. ಹಾರ್ಟ್ ಅಟ್ಯಾಕ್‌ನ ನೋವು ಸಾಮಾನ್ಯವಾಗಿ ನಿಮಿಷಗಳಲ್ಲಿ ಏರುತ್ತಾ ಬರುತ್ತದೆ, ಎದೆ ಹಿಂಡಿದ ಹಾಗಿರುತ್ತದೆ. ಎಲ್ಲರಲ್ಲೂ ಹೀಗೆ ಸ್ಪಷ್ಟವಾಗಿ ಇರುವುದಿಲ್ಲ. ಕೆಲವರಿಗೆ ನೋವೇ ಇಲ್ಲದೆ ಒಂದು ಕಾಲು ಮರಗಟ್ಟುತ್ತದೆ, ಕೆಲವರು ತಲೆ ತಿರುಗಿ ಬೀಳುತ್ತಾರೆ. ಆದರೂ ‘ನೋವು ಹೇಗೆ ಶುರುವಾಯ್ತು’ ಎಂಬ ಒಂದು ಪ್ರಶ್ನೆಗೆ ರೋಗಿ ಕೊಡುವ ಉತ್ತರವನ್ನು ಯಾವ ಯಂತ್ರವೂ ಕೊಡಲಾರದು. ರೋಗಿಯ ಜೊತೆ ಹೋಗುವವರು ಆ ಮಾತನ್ನು ಹಾಗೇ ಡಾಕ್ಟರಿಗೆ ಹೇಳಬೇಕು. ‘ಎದೆನೋವು ಸರ್’ ಎಂದಷ್ಟೇ ಹೇಳಿ ಸುಮ್ನೆ ನಿಲ್ಲಬಾರದು.

ಈ ಕಾಯಿಲೆ ಗುರುತಿಸುವುದು ಕಷ್ಟ ಎಂಬುದಕ್ಕೆ ಒಂದು ಸಾಕ್ಷಿ ಇದೆ. ಡಿಸೆಕ್ಷನ್‌ಗೆ ಆಪರೇಷನ್ ಮಾಡುವ ದಾರಿ ತೋರಿಸಿದವರು ಅಮೆರಿಕದ ಮೈಕಲ್ ಡಿಬೇಕಿ. 2005ರ ಡಿಸೆಂಬರ್ 31ರಂದು, 97ನೇ ವಯಸ್ಸಿನಲ್ಲಿ, ಅವರಿಗೇ ಇದು ಬಂತು. ಮೊದಲು ಅವರಿಗೂ ಅನ್ನಿಸಿದ್ದು ಹಾರ್ಟ್ ಅಟ್ಯಾಕ್ ಅಂತಲೇ. ಮುಂದೆ ತಾವೇ ರೂಪಿಸಿದ್ದ ಆಪರೇಷನ್ ಅವರಿಗೂ ಆಗಿ, 2008ರವರೆಗೆ ಬದುಕಿದರು. ಜೀವಮಾನವಿಡೀ ಇದನ್ನೇ ನೋಡಿದವರಿಗೆ ಹೀಗಾದರೆ, ಒಂದೇ ಹೊತ್ತಿಗೆ ನಲವತ್ತು ರೋಗಿಗಳನ್ನು ನೋಡುವ ತಾಲ್ಲೂಕು ಆಸ್ಪತ್ರೆಯ ಯುವ ವೈದ್ಯರನ್ನು ದೂರುವುದು ನ್ಯಾಯವಲ್ಲ. ಅವರ ಕೈಗೆ ಏನು ಕೊಟ್ಟಿದ್ದೇವೆ ಅನ್ನುವುದನ್ನು ನಾವು ಕೇಳಬೇಕು.

ಇಲ್ಲೊಂದು ಸೂಕ್ಷ್ಮ ವಿಷಯ ಇದೆ. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರಿಗೆ ಕಳಿಸಿ, ಹಾರ್ಟ್ ಅಟ್ಯಾಕ್ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡುವ ಯೋಜನೆ ಇದು. ಘಾಟಿ ಜಿಲ್ಲೆಗಳಿಗೆ ಇದಕ್ಕಿಂತ ಒಳ್ಳೆಯ ಯೋಜನೆ ಬೇರೆ ಇಲ್ಲ. ಆದರೆ ಅದೇ ಇಂಜೆಕ್ಷನನ್ನು ಮಹಾಪಧಮನಿ ಸೀಳಿದವರಿಗೆ ಕೊಟ್ಟರೆ ರಕ್ತಸ್ರಾವ ನಿಲ್ಲದೆ ಜೀವಕ್ಕೇ ಕುತ್ತು. ‘ಎ’ ವಿಧದ ಸೀಳು ಹೃದಯದ ನಾಳದ ಬಾಯಿಗೇ ಹರಿದರೆ ಇಸಿಜಿಯಲ್ಲೂ ಹಾರ್ಟ್ ಅಟ್ಯಾಕ್‌ನ ಗುರುತೇ ಕಾಣಬಹುದು. ಇಂಥದ್ದು ಅಪರೂಪ. ಹಾರ್ಟ್ ಅಟ್ಯಾಕ್ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹೆದರಿ ಇಂಜೆಕ್ಷನ್ ತಡಮಾಡಿದರೆ ಅದಕ್ಕಿಂತ ದೊಡ್ಡ ನಷ್ಟ. ಹಾಗಾಗಿ ಬೇಕಾಗಿರುವುದು ಎರಡು ನಿಮಿಷದ ಪರೀಕ್ಷೆ. ನೋವು ಹೇಗೆ ಶುರುವಾಯ್ತು ಎಂದು ಕೇಳುವುದು. ಎರಡೂ ಕೈಗಳಲ್ಲಿ ಬಿಪಿ ನೋಡುವುದು, ಮೇಲಿನ ಅಂಕಿಯಲ್ಲಿ 20ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಪಡುವುದು. ಕೈ ಮತ್ತು ಕಾಲಿನ ನಾಡಿ ಮುಟ್ಟಿ ನೋಡುವುದು. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ ಎಂದು ವಿಚಾರಿಸುವುದು. ಇಂಥ ಲಕ್ಷಣಗಳನ್ನು ಸೇರಿಸಿ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಪದ್ಧತಿ 2011ರಿಂದಲೇ ಇದೆ. ಕೊಡಗಿನ ಪ್ರತಿ ತುರ್ತು ಘಟಕದ ಗೋಡೆಯ ಮೇಲೆ ಅದೊಂದು ಹಾಳೆ ಕನ್ನಡದಲ್ಲಿ ಅಂಟಿರಬೇಕು ಅಂತ ನನ್ನ ಒತ್ತಾಯ. ಅದಕ್ಕೆ ಕಟ್ಟಡ ಬೇಡ, ಟೆಂಡರ್ ಬೇಡ.

ಅನುಮಾನ ಬಂದರೆ ಸಿಟಿ ಆಂಜಿಯೋ. ಯಂತ್ರ ಇದ್ದರೆ ಸಾಲದು. ರಾತ್ರಿ ಎರಡು ಗಂಟೆಗೂ ಅದನ್ನು ನಡೆಸುವವರು ಬೇಕು. ಚಿತ್ರ ಓದುವವರು ಮಡಿಕೇರಿಯಲ್ಲೇ ಕೂತಿರಬೇಕಾಗಿಲ್ಲ, ಫೋನಿನಲ್ಲಿ ಸಿಗುವ ಹಾಗಿದ್ದರೆ ಸಾಕು. ಸಿಟಿಯಲ್ಲಿ ಸೀಳು ಕಂಡ ಕೂಡಲೇ ಚಿಕಿತ್ಸೆ ಇಲ್ಲೇ ಶುರುವಾಗಬಹುದು, ಆಗಬೇಕು. ನೋವಿಗೆ ಮಾರ್ಫಿನ್. ನಾಡಿಯನ್ನು ನಿಮಿಷಕ್ಕೆ 60ರ ಆಸುಪಾಸಿಗೆ, ಬಿಪಿಯ ಮೇಲಿನ ಅಂಕಿಯನ್ನು 100–120ಕ್ಕೆ ತರುವ ಲ್ಯಾಬೆಟಾಲೋಲ್‌ನಂಥ ಇಂಜೆಕ್ಷನ್. ಪ್ರತಿ ಬಡಿತದ ಏಟು ಕಡಿಮೆಯಾದಷ್ಟೂ ಸೀಳು ಮುಂದೆ ಹರಿಯುವುದು ನಿಧಾನವಾಗುತ್ತದೆ. ಈ ಔಷಧಗಳು ಹೊಸವಲ್ಲ, ಅಪರೂಪದವೂ ಅಲ್ಲ. ಇದನ್ನು ಮಾಡದೆ ರೋಗಿಯನ್ನು 180–110 ಬಿಪಿಯಲ್ಲೇ ಆಂಬುಲೆನ್ಸಿಗೆ ಹತ್ತಿಸಿದರೆ, ಘಾಟಿಯ ಪ್ರತಿ ತಿರುವೂ ಸೀಳನ್ನು ದೊಡ್ಡದು ಮಾಡುವ ಸಮಯವೇ.

ಯಾವ ಕಡೆ ಇಳಿಯುವುದು?

ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ 140ರ ಹತ್ತಿರ. ಬೆಂಗಳೂರು 260ರ ಆಸುಪಾಸು. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಇಳಿದು ಕಣ್ಣೂರಿನ ದಾರಿಯೂ ಇದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕುಸಿದು ಹೋಗಿದ್ದನ್ನು ನಾವು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, 108ಕ್ಕೆ ಫೋನ್ ಮಾಡಲು ಗುಡ್ಡ ಹತ್ತಬೇಕಾದ ಮನೆಗಳಿವೆ.

ಇಂಥ ಜಾಗದಲ್ಲಿ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳುವುದು ಸಹಜ. 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂದು ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನವೇ ನಡೆಯಿತು. ಆ ಬೇಡಿಕೆ ಪೂರ್ತಿ ನ್ಯಾಯವಾದದ್ದು. ಅಪಘಾತಕ್ಕೆ, ಹೆರಿಗೆಗೆ, ಹಾರ್ಟ್ ಅಟ್ಯಾಕ್‌ಗೆ, ಪಾರ್ಶ್ವವಾಯುವಿಗೆ ಇಲ್ಲೇ ಒಳ್ಳೆಯ ಚಿಕಿತ್ಸೆ ಸಿಗಬೇಕು. ಆದರೆ ಮಹಾಪಧಮನಿಯ ಸ್ಟೆಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ವರ್ಷಕ್ಕೆ 17–33 ರೋಗಿಗಳು, ಅದರಲ್ಲೂ ಸ್ಟೆಂಟ್ ಬೇಕಾಗುವವರು ಕೆಲವರು ಮಾತ್ರ. ಇಷ್ಟು ಕಡಿಮೆ ಮಾಡುವ ತಂಡದ ಕೈ ಪಳಗುವುದಿಲ್ಲ. ಬಗೆಬಗೆಯ ಅಳತೆಯ ಸ್ಟೆಂಟ್‌ಗಳನ್ನು ದಾಸ್ತಾನು ಇಡಬೇಕು, ಎದೆ ತೆರೆಯುವ ಸರ್ಜನ್ ಪಕ್ಕದಲ್ಲೇ ಇರಬೇಕು. ಅದನ್ನು ಮಡಿಕೇರಿಯಲ್ಲಿ ಕಟ್ಟುವ ಬದಲು, ಮಡಿಕೇರಿಯಿಂದ ಅಲ್ಲಿಗೆ ಹೋಗುವ ದಾರಿ ಬಿಗಿ ಮಾಡಬೇಕು.

ದಾರಿ ಅಂದರೆ ರಸ್ತೆ ಮಾತ್ರ ಅಲ್ಲ. ಈಗ ಆಗುವುದು ಏನು? ರೆಫರ್ ಚೀಟಿ ಬರೆದು ‘ಮೈಸೂರಿಗೆ ಕರ್ಕೊಂಡು ಹೋಗಿ’ ಅನ್ನುತ್ತಾರೆ. ಅಲ್ಲಿ ಒಂದು ಆಸ್ಪತ್ರೆಗೆ ಹೋದರೆ ಈ ಕೆಲಸ ಮಾಡುವವರು ಇವತ್ತಿಲ್ಲ, ಇನ್ನೊಂದಕ್ಕೆ ಹೋದರೆ ಬೆಡ್ ಇಲ್ಲ, ಮೂರನೆಯ ಕಡೆ ಸಿಟಿ ಮತ್ತೆ ಮೊದಲಿಂದ. ಇದರಲ್ಲೇ ಮೂರು ನಾಲ್ಕು ಗಂಟೆ ಹೋಗುತ್ತದೆ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಕೆಳಗಿನ ಎರಡು ಮೂರು ಹೃದ್ರೋಗ ಕೇಂದ್ರಗಳೂ ಮೊದಲೇ ಮಾತಾಡಿಕೊಂಡು ಒಂದು ಫೋನ್ ನಂಬರ್ ಇಟ್ಟುಕೊಂಡರೆ ಇದರಲ್ಲಿ ಬಹುಪಾಲು ಉಳಿಯುತ್ತದೆ. ರೋಗಿ ಹೊರಡುವ ಮೊದಲೇ ಸಿಟಿಯ ಚಿತ್ರ ಅಲ್ಲಿಗೆ ತಲುಪಿರಬೇಕು. ಅವರು ಕುಶಾಲನಗರ ದಾಟುವ ಹೊತ್ತಿಗೆ ಅಲ್ಲಿ ಸ್ಟೆಂಟಿನ ಅಳತೆ ನಡೆಯುತ್ತಿರಬೇಕು. ‘ಎ’ ವಿಧವಾದರೆ ಎದೆ ತೆರೆಯುವ ತಂಡ ಇರುವ ಕಡೆಗೇ ನೇರವಾಗಿ ಹೋಗಬೇಕು, ಸ್ಟೆಂಟ್ ಮಾತ್ರ ಹಾಕುವ ಕಡೆ ಇಳಿಸಿ ಮತ್ತೆ ಹತ್ತಿಸಬಾರದು. ಆಂಬುಲೆನ್ಸಿನಲ್ಲಿ ಸಿರಿಂಜ್ ಪಂಪ್ ಬೇಕು, ಬಿಪಿ ನೋಡುತ್ತಾ ಕೂರುವ ನರ್ಸ್ ಬೇಕು. ಇದನ್ನು ಬೇಡಿಕೆ ಪಟ್ಟಿಯಲ್ಲಿ ಬರೆದರೆ ಶಂಕುಸ್ಥಾಪನೆಯ ಫೋಟೋ ಬರುವುದಿಲ್ಲ, ನಿಜ. ಆದರೂ ಇದನ್ನೇ ಬರೆಯಬೇಕು.

ಖರ್ಚಿನ ಮಾತು. ಹೃದಯದ ಸ್ಟೆಂಟಿಗೆ ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ದರದ ಮಿತಿ ಹಾಕಿತು. ಆ ಮಿತಿ ಮಹಾಪಧಮನಿಯ ಸ್ಟೆಂಟಿಗೆ ಅನ್ವಯಿಸುವುದಿಲ್ಲ. ಸ್ಟೆಂಟ್ ಒಂದಕ್ಕೇ ಲಕ್ಷಗಟ್ಟಲೆ ಆಗುತ್ತದೆ. ‘ಪಕ್ಕದ ಮನೆಯವರಿಗೆ ಇಷ್ಟರಲ್ಲೇ ಆಯ್ತಲ್ಲ’ ಅಂತ ಹೋಲಿಸಿ ಹೋದವರು ಕೌಂಟರ್‌ನಲ್ಲಿ ಕುಸಿಯುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ಅದೂ 1.5 ಲಕ್ಷ ಮೀರದ ಹಾಗೆ. ಆ ಗಾಬರಿಯಲ್ಲೂ ರೇಷನ್ ಕಾರ್ಡ್, ಆಧಾರ್ ಎರಡನ್ನೂ ಜೀಪಿನಲ್ಲಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರನ್ನು ಹುಡುಕಿ.

ಸೀಳುವ ಮೊದಲು, ಹೊಲಿದ ಮೇಲೆ

ಡಿಸೆಕ್ಷನ್ ಆದವರಲ್ಲಿ ನಾಲ್ಕರಲ್ಲಿ ಮೂರು ಮಂದಿಗೆ ಮೊದಲೇ ಬಿಪಿ ಇರುತ್ತದೆ. ಉಳಿದ ಕಾರಣಗಳು ಹಲವು. ಸಿಗರೇಟು, ಬೀಡಿ, ಹುಟ್ಟಿನಿಂದ ಬಂದ ದುರ್ಬಲ ನಾಳ, ಮೂರು ಎಸಳಿನ ಬದಲು ಎರಡೇ ಎಸಳಿರುವ ಹೃದಯದ ಕವಾಟ, ಅಪರೂಪಕ್ಕೆ ಗರ್ಭಿಣಿಯರಲ್ಲಿ. ಆದರೆ ನಮ್ಮ ಕೈಯಲ್ಲಿರುವ ದೊಡ್ಡ ಕಾರಣ ಬಿಪಿಯೇ. ‘ಮಾತ್ರೆ ಒಮ್ಮೆ ಶುರು ಮಾಡಿದ್ರೆ ಬಿಡೋಕಾಗಲ್ಲ’ ಎಂದು ಶುರುವೇ ಮಾಡದವರು ಎಷ್ಟು ಮಂದಿ ಇದ್ದಾರೆ! ‘ಈಗ ನಾರ್ಮಲ್ ಬಂದಿದೆ’ ಎಂದು ನಿಲ್ಲಿಸುವವರು ಇನ್ನೂ ಜಾಸ್ತಿ. ನಾರ್ಮಲ್ ಬಂದಿರುವುದು ಮಾತ್ರೆಯಿಂದಲೇ, ಅಲ್ವಾ? ಈ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆದರೆ ಲೈನ್ ಮನೆಯಲ್ಲಿರುವ ಕಾರ್ಮಿಕರಿಗೆ ಅದನ್ನು ತರಲು ಒಂದು ದಿನದ ಕೂಲಿ ಹೋಗುತ್ತದೆ. ಕೊಯ್ಲಿನ ಸಮಯದಲ್ಲಿ ಯಾರು ಬಿಡುತ್ತಾರೆ? 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದೊಡ್ಡ ತೋಟಗಳಿಗೆ ಕಾರ್ಮಿಕರ ವೈದ್ಯಕೀಯ ಸೌಲಭ್ಯದ ಹೊಣೆ ಇದೆ. ವಾರದ ಬಟವಾಡೆಯ ದಿನ, ಆಫೀಸಿನ ಜಗಲಿಯಲ್ಲಿ ಒಂದು ಬಿಪಿ ಯಂತ್ರ ಇಟ್ಟು, ಆಶಾ ಕಾರ್ಯಕರ್ತೆಯನ್ನು ಕರೆದು ಎಲ್ಲರ ಬಿಪಿ ನೋಡಿಸುವುದು ಯಾವ ತೋಟಕ್ಕೂ ಭಾರವಲ್ಲ.

ಮನೆತನದ ವಿಷಯದಲ್ಲಿ ಕೊಡಗಿಗೆ ಒಂದು ಅನುಕೂಲ ಇದೆ. ಕೊಡವರ ಒಕ್ಕ, ಅಂದರೆ ಒಂದೇ ಮನೆತನದವರೆಲ್ಲ, ಪುತ್ತರಿ ಹಬ್ಬಕ್ಕೆ ಐನ್‌ಮನೆ ಎಂಬ ಮೂಲಮನೆಯಲ್ಲಿ ಸೇರುತ್ತದೆ. ಯಾರ ಅಜ್ಜ ಹೇಗೆ ಹೋದರು ಎಂಬುದು ಅಲ್ಲಿ ಹಿರಿಯರಿಗೆ ನೆನಪಿರುತ್ತದೆ. ನಲವತ್ತು, ಐವತ್ತರಲ್ಲಿ ಇದ್ದಕ್ಕಿದ್ದಂತೆ ಕುಸಿದು ಸತ್ತವರು ಒಂದೇ ಒಕ್ಕದಲ್ಲಿ ಇಬ್ಬರು ಮೂವರಿದ್ದರೆ, ಯಾರಿಗಾದರೂ ಡಿಸೆಕ್ಷನ್ ಅಂತ ಖಚಿತವಾಗಿದ್ದರೆ, ಅವರ ಒಡಹುಟ್ಟಿದವರೂ ಮಕ್ಕಳೂ ಒಮ್ಮೆ ಎಕೋ ಮಾಡಿಸಿಕೊಳ್ಳಬೇಕು. ಮಹಾಪಧಮನಿ ಉಬ್ಬಿದೆಯಾ ಎಂದು ಅದರಲ್ಲೇ ಬಹುತೇಕ ಗೊತ್ತಾಗುತ್ತದೆ.

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಬಗ್ಗೆ ಯಾರೂ ಬರೆಯುವುದಿಲ್ಲ. ಸೀಳಿದ ನಾಳ ಸ್ಟೆಂಟಿನಿಂದ ಹೊಸದಾಗುವುದಿಲ್ಲ. ಸ್ಟೆಂಟಿನ ಕೆಳಗೆ ಸುಳ್ಳು ದಾರಿ ಇನ್ನೂ ಉಳಿದಿರಬಹುದು, ವರ್ಷ ಕಳೆದ ಹಾಗೆ ಉಬ್ಬಬಹುದು. ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ ಸ್ಕ್ಯಾನ್ ಬೇಕು. ಬಿಪಿ ಮಾತ್ರೆ ಜೀವನಪೂರ್ತಿ. ಉಸಿರು ಕಟ್ಟಿ ಭಾರ ಎತ್ತುವ ಹಾಗಿಲ್ಲ. 50 ಕಿಲೋ ಚೀಲ ಬೆನ್ನಿಗೆ ಹಾಕಿಕೊಂಡು ಬದುಕಿದವರಿಗೆ ಇದರ ಅರ್ಥ ಬೇರೆ ಕೆಲಸ ಹುಡುಕುವುದು. ಅವರಿಗೆ ನರ್ಸರಿಯಲ್ಲೋ ಕಣದಲ್ಲೋ ಹಗುರ ಕೆಲಸ ಕೊಡುವ ಮಾಲೀಕರಿದ್ದರೆ ಬದುಕುತ್ತಾರೆ. ಇಲ್ಲದಿದ್ದರೆ ಮೂರು ತಿಂಗಳಲ್ಲಿ ಮತ್ತೆ ಚೀಲ ಹೊರುತ್ತಾರೆ. ಕೊಯ್ಲು ಮುಗಿದು ಅಸ್ಸಾಂಗೆ ಹೊರಡುವ ಕಾರ್ಮಿಕನ ಕೈಯಲ್ಲಿ ಡಿಸ್ಚಾರ್ಜ್ ಚೀಟಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಅವನ ಭಾಷೆಯಲ್ಲಿ ಎರಡು ಸಾಲು ಬರೆದು ಕೊಡಬೇಕು: ಎದೆಯೊಳಗೆ ಸ್ಟೆಂಟ್ ಇದೆ, ಮಾತ್ರೆ ನಿಲ್ಲಿಸಬಾರದು. ಸಿಟಿಯ ಸಿಡಿಯನ್ನೂ ಜೊತೆಗೆ ಕೊಟ್ಟರೆ, ಅವನ ಊರಿನ ಡಾಕ್ಟರು ಮುಂದಿನ ವರ್ಷದ ಸ್ಕ್ಯಾನನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.